ಸೊಪ್ಪು ತರದ ಸೋದರಮಾವ

ಹೋದ ವಾರ ಫಸ್ಟ್ ಶಿಫ್ಟ್ ಮುಗಿಸಿ ಚಂದಾಪುರದ ಒಳರಸ್ತೆಯಲ್ಲಿ ಬರುತ್ತಿದ್ದೆ. ಹೊಸೂರು ರಸ್ತೆಯ ಟ್ರಾಫಿಕ್ಕಿಗೆ ಹೆದರಿ ನಾನು ಹಿಡಿಯುವ ಅಡ್ಡದಾರಿ ಅದು. ಒಂದು ಮನೆಯ ಮುಂದೆ ಶಾಮಿಯಾನ ಕಟ್ಟುತ್ತಿದ್ದರು, ಒಳಗಿನಿಂದ ಹುರಿದ ಎಳ್ಳಿನ ವಾಸನೆ ಬರುತ್ತಿತ್ತು. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡುತ್ತಿದ್ದಾರೆ ಎಂದರೆ ನಮ್ಮ ಕಡೆಯವರಿಗೆ ಮಿಕ್ಕಿದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯ ಹುಡುಗಿ ದೊಡ್ಡವಳಾಗಿದ್ದಾಳೆ, ಸಂಜೆ ಆರತಿ ಇದೆ. ಒಳ್ಳೆಯದಾಗಲಿ ಅಂದುಕೊಂಡು ಗಾಡಿ ಮುಂದಕ್ಕೆ ಬಿಡಬೇಕಾಗಿತ್ತು. ನಾನು ಪಕ್ಕಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸುಮ್ಮನೆ ಕೂತುಬಿಟ್ಟೆ. ಶಾಮಿಯಾನದವನು ನನ್ನನ್ನು ನೆಂಟನೆಂದು ತಿಳಿದು, "ಊಟಕ್ಕೆ ಇನ್ನೂ ಲೇಟಾಗ್ತದೆ ಅಣ್ಣ" ಎಂದ.

ನನಗೆ ನೆನಪಾಗಿದ್ದು ನನ್ನ ಅಕ್ಕನ ಮಗಳು ಸಿಂಚನ ಎರಡನೇ ಕ್ಲಾಸಿನಲ್ಲಿದ್ದ ವರ್ಷದ ಮಳೆಗಾಲ.

ಅಕ್ಕನನ್ನು ಕೊಟ್ಟಿರುವುದು ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಹಳ್ಳಿಗೆ. ಹಳ್ಳಿ ಎಂದು ಈಗ ಹೆಸರಿಗಷ್ಟೇ ಅನ್ನಬೇಕು. ಅವರ ರಾಗಿ ಹೊಲ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಅಕ್ಕನ ಸಂಸಾರ, ಮೇಲಿನ ಕೋಣೆಗಳಲ್ಲಿ ಕೊಪ್ಪಳ, ಯಾದಗಿರಿ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು. ಭಾವ ಕಂಪನಿ ಬಸ್ಸು ಓಡಿಸುತ್ತಾರೆ. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅವರ ತಾಯಿ ಮುನಿಯಮ್ಮತ್ತೆಯೇ ಆಡಿ ಮುಗಿಸುತ್ತಾರೆ. ಅತ್ತೆ ಆಳು ಗಿಡ್ಡ, ಗಂಟಲು ಮಾತ್ರ ಭಾರಿ. ಅಟ್ಟದ ಡಬ್ಬಿ ಇಳಿಸಬೇಕಾದರೆ ಸ್ಟೂಲು ಹತ್ತುತ್ತಾರೆ, ಮೂರನೇ ಅಂತಸ್ತಿನ ಬಾಡಿಗೆ ಹುಡುಗನನ್ನು ಬೈಯಬೇಕಾದರೆ ಅಂಗಳದಲ್ಲೇ ನಿಂತರೆ ಸಾಕು. ನನಗಾಗ ಮದುವೆಯಾಗಿರಲಿಲ್ಲ. ಚಂದಾಪುರದ ರೂಮಿನಲ್ಲಿ ನಾನೇ ಬೇಯಿಸಿದ್ದನ್ನು ನಾನೇ ತಿನ್ನಲಾಗದೆ ಭಾನುವಾರವಾದರೆ ಅಕ್ಕನ ಮನೆಗೆ ಓಡುತ್ತಿದ್ದೆ.

ಅದರ ಹಿಂದಿನ ವರ್ಷದಿಂದಲೇ ಸಿಂಚನ ನೋಡನೋಡುತ್ತಿದ್ದಂತೆ ಬೆಳೆಯತೊಡಗಿದ್ದಳು. ಹೊಸ ಯೂನಿಫಾರಂ ಹಳತಾಗುವ ಮೊದಲೇ ಮೊಣಕಾಲಿಗಿಂತ ಮೇಲೇರಿತು. ಕ್ಲಾಸಿನಲ್ಲಿ ಅವಳೇ ಎತ್ತರ. ಮಿಸ್ಸು ಹಿಂದಿನ ಬೆಂಚಿಗೆ ಕಳಿಸಿದರು. ಸ್ಕೂಲಿನ ಡ್ಯಾನ್ಸಿನಲ್ಲಿ ಉಳಿದವರೆಲ್ಲ ಚಿಟ್ಟೆಯಾದರೆ ಇವಳೊಬ್ಬಳು ಮರವಾದಳು. ಮುನಿಯಮ್ಮತ್ತೆಗಂತೂ ಹೆಮ್ಮೆ ಹಿಡಿಸಲಾರದಷ್ಟು. ಮನೆಗೆ ಯಾರೇ ಬರಲಿ, ಹುಡುಗಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನೋಡಿ, ಆಗ್ಲೇ ನನ್ನ ಕಿವಿಗಂಟ ಬಂದವ್ಳೆ. ಎಲ್ಲಾ ನನ್ ಕೈ ಮುದ್ದೆ ಕಣ್ರಮ್ಮ" ಎನ್ನುತ್ತಿದ್ದರು. ನಾವೂ ಹೌದು ಹೌದು ಎಂದು ತಲೆಯಾಡಿಸಿದೆವು. ಮಗು ಬೆಳೆಯದಿದ್ದರೆ ಚಿಂತೆ ಮಾಡಬೇಕೆಂದು ಎಲ್ಲರಿಗೂ ಗೊತ್ತು. ಬೆಳೆಯುತ್ತಿದ್ದರೂ ಚಿಂತೆ ಮಾಡಬೇಕಾಗಬಹುದೆಂದು ನಮಗೆ ಯಾರು ಹೇಳಬೇಕು?

ಅಕ್ಕನಿಗೆ ಮಾತ್ರ ಒಳಗೊಳಗೇ ಏನೋ ಕಸಿವಿಸಿ. ಮಗಳ ಹಣೆಯ ಮೇಲೆ ಮೊಡವೆ ಎದ್ದಿತ್ತು. ಸ್ಕೂಲಿನಿಂದ ಬಂದಾಗ ಬೆವರು ದೊಡ್ಡವರ ಬೆವರಿನಂತೆ ನಾರುತ್ತಿತ್ತು. ಮೈಯಲ್ಲಿ ಹದಿಹರೆಯದ ಹೆಣ್ಣುಮಕ್ಕಳಲ್ಲಿ ಆಗುವ ಬದಲಾವಣೆ ಶುರುವಾಗಿತ್ತು. ಅತ್ತೆಗೆ ಹೇಳಿದಾಗ ಅವರು ತಪ್ಪೆಲ್ಲವನ್ನೂ ಬ್ರಾಯ್ಲರ್ ಕೋಳಿಯ ತಲೆಗೆ ಕಟ್ಟಿ, ಮನೆಗೆ ಅದನ್ನು ತರಕೂಡದೆಂದು ಆಜ್ಞೆ ಮಾಡಿದರು. ಅಂದಿನಿಂದ ನಾಟಿ ಕೋಳಿ ಸಾರು. ನನಗೇನು, ಲಾಭವೇ ಆಯಿತು. ಹುಡುಗಿ ಮಾತ್ರ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು, ಬೆನ್ನು ಬಗ್ಗಿಸಿಕೊಂಡು ಓಡಾಡತೊಡಗಿದಳು. ಒಂದು ಭಾನುವಾರ ಅವಳನ್ನು ಪಕ್ಕದ ಅಪಾರ್ಟ್‌ಮೆಂಟಿನ ಎದುರಿನ ಪಾರ್ಕಿಗೆ ಕರೆದುಕೊಂಡು ಹೋದೆ. ಜಾರುಬಂಡೆಯ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದಂತೆಯೇ ಸೆಕ್ಯೂರಿಟಿಯವನು ಸೀಟಿ ಊದಿ, "ಏ ಪಾಪ, ಚಿಕ್ಕ ಮಕ್ಕಳಿಗೆ ಮಾತ್ರ ಅದು" ಎಂದು ಕೂಗಿದ. ಅವಳು ಇಳಿದು ಬಂದಳು. ಐಸ್‌ಕ್ರೀಂ ಕೊಡಿಸಿದೆ. ಅದನ್ನೂ ತಿನ್ನದೆ ಕರಗಿಸಿಕೊಂಡು ಕೂತಳು.

ಆಷಾಢ ಬಂತು. ಗಾಳಿಗೆ ಕಾರ್ಖಾನೆಯ ತಗಡುಗಳೆಲ್ಲ ಬಡಿದುಕೊಳ್ಳುತ್ತಿದ್ದ ಒಂದು ಬೆಳಗ್ಗೆ, ಟೀ ಬಿಡುವಿನಲ್ಲಿ ಲಾಕರಿನಿಂದ ಫೋನ್ ತೆಗೆದರೆ ಅಕ್ಕನ ಕರೆಗಳು ಮೇಲಿಂದ ಮೇಲೆ ಬಂದಿದ್ದವು. ಮಾಡಿದೆ. ಅಳುತ್ತಿದ್ದಳು.

"ಗೋಪಿ, ಸಿಂಚುನ ಸ್ಕೂಲಿಗೆ ರೆಡಿ ಮಾಡ್ತಿದ್ದೆ ಕಣೋ. ಬಟ್ಟೇಲಿ ರಕ್ತ. ಎಲ್ಲೋ ಬಿದ್ದಿದ್ದಾಳೆ ಅಂದ್ಕೊಂಡೆ. ಎಲ್ಲೂ ಗಾಯ ಇಲ್ವೋ."

ನಾನು ಬಾಯಿ ತೆರೆಯುವ ಮೊದಲೇ ಫೋನು ಮುನಿಯಮ್ಮತ್ತೆಯ ಕೈಗೆ ಹೋಗಿತ್ತು. "ಗೋಪೀ, ಅಳೋ ಇಷ್ಯ ಅಲ್ಲ ಕಣಪ್ಪ ಇದು. ನಮ್ ಸಿಂಚು ದೊಡ್ಡೋಳಾಗವ್ಳೆ. ವಸಿ ಬೇಗ್ನೇ ಆಗ್ಯದೆ, ಆಗ್ಲಿ. ನೀನು ಸೋದರಮಾವ. ಮದ್ಯಾನ್ದೊಳ್ಗೆ ಅಸಿ ಗರಿ, ಸೊಪ್ಪು ತಗಂಡು ಬಂದ್ಬುಡು. ಮಾಳ್ಗೆ ಮ್ಯಾಲೆ ಟ್ಯಾಂಕಿ ಪಕ್ಕ ಜಾಗ ಗುಡ್ಸಿಕ್ಕಿವ್ನಿ."

ನಮ್ಮಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಹಸಿ ತೆಂಗಿನ ಗರಿ, ಸೊಪ್ಪು ತಂದು ಗುಡ್ಲು ಹಾಕಬೇಕು. ಹುಡುಗಿ ಅದರೊಳಗೆ ಕೂರುತ್ತಾಳೆ. ಬಾಗಿಲಿಗೆ ಒನಕೆ ಅಡ್ಡ, ಅವಳಿಗೆ ಬೇರೆ ತಟ್ಟೆ, ಬೇರೆ ಚಾಪೆ. ಸಂಜೆಯಾದರೆ ಹೆಂಗಸರು ಬಂದು ಆರತಿ ಎತ್ತಿ ಚಿಗಳಿ ತಿನ್ನಿಸುತ್ತಾರೆ. ಕೊನೆಯ ದಿನ ಗುಡ್ಲು ಸುಡುವವನೂ ಸೋದರಮಾವನೇ. ಅಪ್ಪ, ಅಜ್ಜ, ಊರ ಗೌಡ ಯಾರೇ ಇದ್ದರೂ ಆ ಸೊಪ್ಪು ಮುಟ್ಟುವ ಹಾಗಿಲ್ಲ. ನಮ್ಮ ಬದುಕಿನಲ್ಲಿ ನನ್ನಂಥವನಿಗೆ ದೊಡ್ಡಸ್ತಿಕೆ ಸಿಗುವ ದಿನಗಳು ಬಹಳ ಇರುವುದಿಲ್ಲ. ಅದೊಂದು ಸಿಗುತ್ತದೆ.

ಹಿರಿಯರು ಹೇಳಿದರು, ನಾನು ಹೊರಟೆ. ಅಷ್ಟೇ ಯೋಚನೆ ನನ್ನ ತಲೆಗೆ ಬಂದದ್ದು. ಸೂಪರ್‌ವೈಸರ್ ಪರ್ಮಿಷನ್ ಕೊಟ್ಟು, "ಸ್ವೀಟ್ ಮರೀಬೇಡ ಗುರು" ಎಂದರು. ಆದರೆ ಬೊಮ್ಮಸಂದ್ರದಲ್ಲಿ ಹಸಿ ತೆಂಗಿನ ಗರಿ ಎಲ್ಲಿಂದ ತರುವುದು? ಒಂದು ಕಾಲಕ್ಕೆ ತೋಪುಗಳಿದ್ದ ಕಡೆಯೆಲ್ಲ ಗೇಟು, ಗೇಟಿಗೊಬ್ಬ ಸೆಕ್ಯೂರಿಟಿ. ಒಂದು ಲೇಔಟಿನಲ್ಲಿ ಮರಗಳಿದ್ದವು, ಕಾಂಡಕ್ಕೆಲ್ಲ ಮಿಣಮಿಣ ಲೈಟು ಸುತ್ತಿದ್ದರು. ಅಲೆದು ಅಲೆದು ಕೊನೆಗೆ ಆನೇಕಲ್ ಕಡೆಯ ರಸ್ತೆಯಲ್ಲಿ, ಗೋಡೌನುಗಳ ನಡುವೆ, ಮಾರದೆ ಉಳಿದಿದ್ದ ಒಂದು ತೋಟ ಸಿಕ್ಕಿತು. ತೋಟ ನೋಡಿಕೊಳ್ಳುವ ಮುದುಕ ವಿಷಯ ಕೇಳಿ ಖುಷಿಯಾಗಿ, ಗಿಡ್ಡ ಮರವೊಂದರಿಂದ ಗರಿ ಕಡಿದು ಕೆಳಗೆ ಹಾಕಿದ. ಮಚ್ಚು ಒರೆಸಿಕೊಳ್ಳುತ್ತ, ಮಾತಿಗೆ, "ಮಗು ಯಾವ ಕ್ಲಾಸು?" ಎಂದು ಕೇಳಿದ.

"ಎರಡನೇ ಕ್ಲಾಸು" ಎಂದೆ.

ಮುದುಕ ನನ್ನ ಮುಖ ನೋಡಿದ. "ನನ್ ಮೊಮ್ಮಗ್ಳೂ ಎಲ್ಡ್ನೇ ಕ್ಲಾಸೇ ಕಣಪ್ಪ. ಇನ್ನೂ ಚಡ್ಡೀಲಿ ಉಚ್ಚೆ ಒಯ್ಕತ್ತಾಳೆ."

ಅವನು ಗರಿಗಳನ್ನು ಕಟ್ಟಲು ಬಗ್ಗಿದ. ನನಗೆ ಮಾತ್ರ ನನ್ನ ಬಾಯಿಂದ ಬಂದ ಮಾತೇ ಕಿವಿಯಲ್ಲಿ ನಿಂತಿತು. ಎರಡನೇ ಕ್ಲಾಸು. ಸಿಂಚನಳ ಮೇಲಿನ ಎರಡು ಹಲ್ಲು ಬಿದ್ದು ಇನ್ನೂ ಹುಟ್ಟಿರಲಿಲ್ಲ. 'ಸ' ಅನ್ನಲು ಹೋದರೆ ಗಾಳಿ ಹೋಗುತ್ತಿತ್ತು. ಆ ಬೊಚ್ಚು ಬಾಯಿಯ ಮಗುವನ್ನು ನಾನು ಹಸಿರು ಗುಡ್ಲಲ್ಲಿ ಕೂರಿಸಿ, ಊರಿಗೆಲ್ಲ ದೊಡ್ಡವಳೆಂದು ಸಾರಬೇಕಾಗಿತ್ತು. ನನಗೆ ಹೆದರಿಕೆಯಾಯಿತು. ಗರಿಗಳನ್ನು ಅಲ್ಲೇ ಬಿಟ್ಟು, "ಬೇಡ ಯಜಮಾನ್ರೇ, ತಪ್ಪು ತಿಳ್ಕೋಬೇಡಿ" ಎಂದು ಗಾಡಿ ಹತ್ತಿದೆ.

ಅಕ್ಕನ ಮನೆಯಲ್ಲಿ ಹುಡುಗಿಯನ್ನು ಆಗಲೇ ಹಿಂದಿನ ಕೋಣೆಯ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದ್ದರು. ಓಡಬೇಡ, ಜೋರಾಗಿ ನಗಬೇಡ, ಮೇಲಿನ ಮನೆ ಹುಡುಗರ ಮುಂದೆ ಸುಳಿಯಬೇಡ ಎಂಬ ಪಾಠವೂ ಆಗಿತ್ತು. ಬಾಗಿಲಲ್ಲಿ ನನ್ನನ್ನು ಕಂಡು, "ಮಾವ, ನನ್ ಮುಟ್ಬಾರ್ದಂತೆ. ನಾಳೆ ಸ್ಕೂಲಿಗೂ ಹೋಗಂಗಿಲ್ಲಂತೆ. ನಾನೇನ್ ಬೀಳಿಸ್ದೆ?" ಎಂದಳು. ಮನೆಯಲ್ಲಿ ಅವಳಿಗೆ ಶಿಕ್ಷೆಯಾಗುತ್ತಿದ್ದುದು ಲೋಟ ತಟ್ಟೆ ಬೀಳಿಸಿದಾಗ ಮಾತ್ರ.

"ಸೊಪ್ಪೆಲ್ಲಪ್ಪಾ?" ಎಂದರು ಮುನಿಯಮ್ಮತ್ತೆ.

"ತರಲಿಲ್ಲ ಅತ್ತೆ."

"ಸಿಗ್ನಿಲ್ವಾ?"

"ಸಿಕ್ತು. ಬಿಟ್ಟು ಬಂದೆ. ಮೊದ್ಲು ಡಾಕ್ಟರಿಗೆ ತೋರಿಸೋಣ. ಏಳು ವರ್ಷಕ್ಕೆ ಇದು ಆಗೋದಲ್ಲ."

ಅತ್ತೆಯ ಗಂಟಲು ಮೂರನೇ ಅಂತಸ್ತು ಮುಟ್ಟಿತು. ಹೆಣ್ಣಾದವಳಿಗೆ ಆಗುವುದಕ್ಕೆಲ್ಲ ಡಾಕ್ಟರೇನು, ಬೀದಿಯವರ ಬಾಯಿಗೆ ಬೀಳುವುದಕ್ಕಾ, ನಾಳೆ ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಕೂಗಾಡಿದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಮಾಡ್ಕೊಳ್ಳೋರ ಮಾತು ಯಾಕೆ ಈಗ? ಅವಳಿಗಿನ್ನೂ ಹಲ್ಲು ಹುಟ್ಟಿಲ್ಲ! ಸೋದರಮಾವ ನಾನು. ಡಾಕ್ಟರ್ ನೋಡೋವರೆಗೂ ನಾನು ಗುಡ್ಲು ಹಾಕಲ್ಲ" ಎಂದೆ.

"ನೀನ್ ಆಕ್ದಿದ್ರೆ ವರ್ಸೇಲಿ ಮಾವ ಆಗೋರು ಬೇಕಾದಷ್ಟು ಜನ ಅವ್ರೆ. ಪೋನ್ ಮಾಡುದ್ರೆ ಓಡ್ಬತ್ತಾರೆ."

ಅದು ನಿಜವೇ. ನನ್ನ ಹಟ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಬಾಗಿಲ ಬಳಿ ನಿಂತಿದ್ದ ಅಕ್ಕ, ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡದಿದ್ದ ಅಕ್ಕ, ಕಣ್ಣೊರೆಸಿಕೊಂಡು ಹೇಳಿದಳು: "ನನ್ನ ಒಡಹುಟ್ಟಿದ ತಮ್ಮ ಗಟ್ಟಿಯಾಗಿರ್ಬೇಕಾದ್ರೆ ಬೇರೆಯವರ ಕೈ ಸೊಪ್ಪು ನನ್ನ ಮಗಳ ತಲೆ ಮೇಲೆ ಬರಕೂಡದು. ನಿಮ್ಮ ಶಾಸ್ತ್ರಾನೇ ಅಲ್ವಾ ಅತ್ತೆ ಅದು?"

ಬೆಳಗಿನ ಟ್ರಿಪ್ ಮುಗಿಸಿ ಬಂದ ಭಾವ ಗೋಡೆಗೊರಗಿ ನಿಂತಿದ್ದರು. ಎಲ್ಲರೂ ಭಾವನ ಕಡೆ ನೋಡಿದೆವು. ಅವರು ಗೋಡೆಯ ಮೊಳೆಯಿಂದ ಬಸ್ಸಿನ ಬೀಗದ ಕೈ ತೆಗೆದು ನನ್ನ ಕೈಗಿಟ್ಟು, "ಇದನ್ನ ಡಿಪೋದಲ್ಲಿ ಕೊಟ್ಟುಬಿಡು ಗೋಪಿ. ನಾಳೆ ನಾನು ಡ್ಯೂಟಿಗೆ ಬರಲ್ಲ ಅಂತ ಹೇಳು" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಹತ್ತಿರದ ಕ್ಲಿನಿಕ್ಕಿನವರು ಈ ಕಾಲದಲ್ಲಿ ಇದೆಲ್ಲ ಮಾಮೂಲು ಎಂದು ಟಾನಿಕ್ ಬರೆದುಕೊಟ್ಟರು. ಅಕ್ಕ ಒಪ್ಪಲಿಲ್ಲ. ಒಮ್ಮೆ ಬಾಯಿ ಬಿಟ್ಟಿದ್ದಳಲ್ಲ, ಇನ್ನು ಸುಮ್ಮನಿರುವ ಹೆಂಗಸಾಗಿರಲಿಲ್ಲ. ಸಿಟಿಯೊಳಗಿನ ದೊಡ್ಡ ಆಸ್ಪತ್ರೆಗೆ, ಮಕ್ಕಳ ಬೆಳವಣಿಗೆಯನ್ನೇ ನೋಡುವ ಡಾಕ್ಟರಮ್ಮನ ಹತ್ತಿರ ಹೋದೆವು. ಹುಡುಗಿ ಎಲ್ಲಿ ಹೋದರೂ ತಾನೂ ಬರುತ್ತೇನೆಂದು ಮುನಿಯಮ್ಮತ್ತೆಯೂ ಹೊರಟರು. ಕಾವಲಿಗೆ ಬಂದಿದ್ದರೋ ಜಗಳಕ್ಕೆ ಬಂದಿದ್ದರೋ ಗೊತ್ತಿಲ್ಲ, ಮುಖ ಮಾತ್ರ ಊದಿಕೊಂಡಿತ್ತು. ರಕ್ತ ತೆಗೆಯುವಾಗ ಸಿಂಚನ ತುಟಿ ಕಚ್ಚಿಕೊಂಡು, ಸಂಸಾರಸ್ಥ ಹೆಂಗಸಿನ ಹಾಗೆ ಕೈ ಚಾಚಿ ಕೂತಿದ್ದಳು. ಎಡಗೈಯ ಎಕ್ಸ್‌ರೇ ತೆಗೆದರು.

ಡಾಕ್ಟರಮ್ಮ ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. "ಮಗೂಗೆ ಏಳು ವರ್ಷ. ಆದ್ರೆ ಈ ಮೂಳೆ ಹತ್ತು ಹನ್ನೊಂದು ವರ್ಷದ ಮಕ್ಕಳದ್ದಿದ್ದ ಹಾಗಿದೆ. ದೊಡ್ಡವಳಾಗು ಅಂತ ಮಿದುಳಿನಿಂದ ಹೋಗೋ ಸೂಚನೆ ತುಂಬಾ ಬೇಗ ಹೋಗ್ಬಿಟ್ಟಿದೆ. ಈಗ ಎತ್ತರ ಕಾಣ್ತಾಳೆ. ಹೀಗೇ ಬಿಟ್ರೆ ಮೂಳೆ ತುದಿಗಳು ಬೇಗ ಕೂಡ್ಕೊಂಡು ಬೆಳವಣಿಗೆ ನಿಂತು ಹೋಗುತ್ತೆ. ಇವಳ ಫ್ರೆಂಡ್ಸೆಲ್ಲ ಆಮೇಲೆ ಬೆಳೆದು ಇವಳನ್ನ ದಾಟ್ತಾರೆ. ಅಷ್ಟೇ ಅಲ್ಲ, ಮನಸ್ಸು ಇನ್ನೂ ಮಗೂದು ನೋಡಿ, ಈ ಭಾರ ಅದಕ್ಕೆ ತಡೆಯಲ್ಲ."

"ಕೋಳಿಯಿಂದಾನಾ ಡಾಕ್ಟ್ರೇ?" ಎಂದು ಅಕ್ಕ ಕೇಳಿದಳು.

"ಕೋಳೀನ ಬಿಟ್ಟುಬಿಡಿ ಪಾಪ. ಎಷ್ಟೋ ಹೆಣ್ಣುಮಕ್ಕಳಲ್ಲಿ ಕಾರಣವೇ ಸಿಗಲ್ಲ. ಕೆಲವು ಮನೆಗಳಲ್ಲಿ ವಂಶದಲ್ಲಿ ಬರುತ್ತೆ. ನಿಮ್ಮಲ್ಲಿ ಯಾರಾದ್ರೂ ಹೀಗೆ ಬೇಗ ದೊಡ್ಡವರಾಗಿದ್ರಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಭಾವ ನೆಲ ನೋಡಿದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕಾಲು ನೆಲಕ್ಕೆ ಮುಟ್ಟದೆ ಕೂತಿದ್ದ ಮುನಿಯಮ್ಮತ್ತೆ ಮೆಲ್ಲಗೆ, ನಾನು ಎಂದೂ ಕೇಳಿರದಷ್ಟು ಮೆಲ್ಲಗೆ ಹೇಳಿದರು: "ನಾನೇ ಕಣಮ್ಮ."

ಅವರೇ ಮುಂದುವರಿಸಿದರು. "ನಂಗೂ ಬಾಯಲ್ಲಿ ಅಲ್ಲು ಸರ್ಯಾಗಿ ಬಂದಿರ್ನಿಲ್ಲ, ಗುಡ್ಲಲ್ಲಿ ಕೂರ್ಸುದ್ರು. ಅದುಕ್ ಮುಂಚೆ ಕೇರಿ ಐಕ್ಳಲ್ಲೆಲ್ಲ ನಾನೇ ಎತ್ರ. ಆಮ್ಯಾಕೆ ಎಲ್ರೂ ನನ್ ದಾಟ್ಕಂಡು ಓದ್ರು, ನಾನ್ ಅಲ್ಲೇ ನಿಂತ್ಕಂಡೆ. ಗುಡ್ಲಿಂದ ಎದ್ದ ಮ್ಯಾಲೆ ಆಟುಕ್ಕೇ ಬುಡ್ನಿಲ್ಲ ನನ್ನ. ಕುಂಟೆಬಿಲ್ಲೆ ಆಡಾಕ್ ಓದ್ರೆ ನಮ್ಮವ್ವ ಒಡೆಯೋಳು. ಅದೊಂದು ಕಾಯ್ಲೆ ಅಂತ ನಂಗ್ಯಾರೂ ಏಳ್ನಿಲ್ಲ. ಎಲ್ಡು ದಿನ ಅಳ್ತಾ ಕೂತಿದ್ದೆ, ಆಮ್ಯಾಕೆ ಅಳಾದೂ ನಿಲ್ಲುಸ್ದೆ."

ನಾನು ಎಷ್ಟೋ ವರ್ಷದಿಂದ ಆ ಹೆಂಗಸಿನ ಗಿಡ್ಡ ಆಕಾರವನ್ನು ತಮಾಷೆ ಮಾಡಿದ್ದೆ, ಎದುರಿಗೂ ಮಾಡಿದ್ದೆ. ಅವರೂ ನಕ್ಕು ತಿರುಗಿ ಬೈಯುತ್ತಿದ್ದರು. ಆ ದಿನ ಅವರನ್ನು ನೋಡಿ ನನಗೆ ದುಃಖ ಉಕ್ಕಿ ಬಂತು.

"ಇದಕ್ಕೀಗ ಇಂಜೆಕ್ಷನ್ ಇದೆ ಅಮ್ಮ" ಎಂದರು ಡಾಕ್ಟರಮ್ಮ, ಅಕ್ಕನಿಗಲ್ಲ, ಅತ್ತೆಗೇ. "ಕೆಲವು ವರ್ಷ ಬಿಡದೆ ಕೊಡಿಸ್ಬೇಕು."

"ದ್ಯಾವ್ರು ಕೊಟ್ಟಿದ್ದ ನಿಲ್ಲುಸ್ಬುಟ್ರೆ ನಾಳೆ ಮಗೀಗೆ ಮಕ್ಳಾಯ್ತವಾ?"

"ನಾವು ಸ್ವಲ್ಪ ಮುಂದಕ್ಕೆ ಹಾಕಿರ್ತೀವಿ, ಅಷ್ಟೇ. ಸರಿಯಾದ ವಯಸ್ಸಿಗೆ ಇಂಜೆಕ್ಷನ್ ನಿಲ್ಲಿಸಿದ್ರೆ ಎಲ್ಲ ತಾನೇ ಶುರುವಾಗುತ್ತೆ. ಮುಂದೆ ಮಕ್ಕಳಾಗೋದಕ್ಕೆ ಏನೂ ಅಡ್ಡಿ ಇಲ್ಲ."

ಅತ್ತೆ ಕುರ್ಚಿಯಿಂದ ಇಳಿದು, "ಅಂಗಾರೆ ಮಾಡಿ" ಎಂದರು. ಖರ್ಚಿನ ಮಾತನ್ನು ಭಾವ ಹೊರಗೆ ಒಬ್ಬರೇ ಹೋಗಿ ಮಾತಾಡಿ ಬಂದರು, ನಮ್ಮ ಕಿವಿಗೆ ಬೀಳಿಸಲಿಲ್ಲ.

ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಬೇಕಿತ್ತು. ಒಳಗೆ ಗಂಟೇನೂ ಇಲ್ಲವೆಂದು ಖಾತ್ರಿಯಾಗಬೇಕಂತೆ. ಆ ವಾರ ನಮ್ಮ ಮನೆಯ ಹೆಂಗಸರು ಹರಕೆ ಹೊರದ ದೇವರಿಲ್ಲ. ನಾನು ಮಿಷಿನ್ ಮುಂದೆ ನಿಂತರೂ ಕೈ ಕೆಲಸದಲ್ಲಿರಲಿಲ್ಲ. ಹೊರಗೆ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಆಸ್ಪತ್ರೆಯಿಂದ ಫೋನು ಬಂದಾಗ ಭಾವ ಬಸ್ಸು ಓಡಿಸುತ್ತಿದ್ದರಂತೆ. ಬೊಮ್ಮನಹಳ್ಳಿಯ ಹತ್ತಿರ ಬಸ್ಸನ್ನು ಪಕ್ಕಕ್ಕೆ ಹಾಕಿ, ಏನೂ ಇಲ್ಲ ಎಂಬ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡು, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತರಂತೆ. ಶಿಫ್ಟಿಗೆ ಹೊರಟಿದ್ದ ಹುಡುಗಿಯರು ಯಾರೂ ಲೇಟಾಯಿತೆಂದು ಗೊಣಗಲಿಲ್ಲ. ಇದನ್ನು ಭಾವನೇ ನನಗೆ ಹೇಳಿದ್ದು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ.

ಮುಂದೆ ಎಲ್ಲವೂ ಡಾಕ್ಟರಮ್ಮ ಹೇಳಿದಂತೆಯೇ ನಡೆಯಿತು. ಬೆಳವಣಿಗೆ ನಿಧಾನಕ್ಕೆ ಬಂತು, ಮುಟ್ಟು ನಿಂತಿತು, ಸ್ವೆಟರ್ ಬೀರು ಸೇರಿತು. ಬೀದಿಯವರು ಕೇಳುವುದನ್ನೆಲ್ಲ ಕೇಳಿದರು. ಅವರಿಗೆ ಉತ್ತರ ಕೊಡುವ ಗುತ್ತಿಗೆಯನ್ನು ಅತ್ತೆಯೇ ಹಿಡಿದಿದ್ದರಿಂದ ಎರಡನೇ ಸಲ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹನ್ನೊಂದರ ಸುಮಾರಿಗೆ ಇಂಜೆಕ್ಷನ್ ನಿಲ್ಲಿಸಿದರು. ಏಳನೇ ಕ್ಲಾಸಿನಲ್ಲಿ, ಅವಳ ಗೆಳತಿಯರ ಜೊತೆ ಜೊತೆಗೇ, ಅವಳೂ ದೊಡ್ಡವಳಾದಳು. ಈ ಸಲ ನಾವು ಅವಳನ್ನೇ ಕೇಳಿದೆವು. ಗುಡ್ಲು ಬೇಡ, ಚಿಗಳಿ ಬೇಕು ಎಂದಳು. ಈಗ ಅವಳು ಅಕ್ಕನ ಕಿವಿಯವರೆಗೆ ಬರುತ್ತಾಳೆ, ಗಣಿತ ಕಂಡರೆ ಓಡಿಹೋಗುತ್ತಾಳೆ.

ಆದರೆ ಮೊದಲ ಇಂಜೆಕ್ಷನ್ನಿನ ದಿನ ನಮಗೆ ಇದೊಂದೂ ಗೊತ್ತಿರಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ನಾನು, ಅಕ್ಕ, ಭಾವ ಕೂತಿದ್ದೆವು. ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ ಎಂದಾಗ ಅಕ್ಕ ಏಳುವ ಮೊದಲೇ ಮುನಿಯಮ್ಮತ್ತೆ ಎದ್ದು, ಸಿಂಚನಳ ಕೈ ಹಿಡಿದು ನಡೆದುಬಿಟ್ಟಿದ್ದರು. ಹಿಂದಿನಿಂದ ನೋಡಿದರೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಎತ್ತರ. ಬಾಗಿಲು ಮುಚ್ಚಿತು. ಆಮೇಲೆ ಒಂದು ಕಿರುಚಾಟ, ಅದರ ಬೆನ್ನಿಗೇ ಅಳು. ಅಜ್ಜೀ, ಅಮ್ಮಾ, ಬೇಡಾ ಎಂದು ಕಾರಿಡಾರಿನ ತುದಿಯವರೆಗೂ ಕೇಳುವಂಥ ಅಳು.

ನರ್ಸಿನ ದನಿ ಕೇಳಿಸಿತು: "ಅಯ್ಯೋ, ಇಷ್ಟು ದೊಡ್ಡ ಹುಡುಗಿ ಹೀಗೆ ಅಳ್ತಾರಾ?"

ಮುನಿಯಮ್ಮತ್ತೆಯ ಗಂಟಲು ಅದಕ್ಕಿಂತ ಜೋರಾಗಿ ಎದ್ದಿತು: "ಯಾರ್ ಏಳಿದ್ದು ನಿಂಗೆ ದೊಡ್ಡೋಳು ಅಂತ? ಮಗು ಕಣಮ್ಮ ಅದು. ಅಳ್ಲಿ ಬುಡು."

ಸಿಂಚನ ಇನ್ನೂ ಜೋರಾಗಿ ಅತ್ತಳು. ಹೊರಗೆ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ನಗುತ್ತಿದ್ದಳು.